ಭಾವನ ಕತ್ತಿನ ಸ್ಕ್ಯಾನ್

ತಿಪಟೂರಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ಹನ್ನೊಂದು ವರ್ಷದಿಂದ ಎಂಆರ್‌ಐ ಮಿಷನ್ ನಡೆಸುತ್ತಿದ್ದೇನೆ. ರೋಗಿಯನ್ನು ಮಲಗಿಸುವುದು, ಕಿವಿಗೆ ಹತ್ತಿ ಇಡುವುದು, ಅಲುಗಾಡಬೇಡಿ ಎಂದು ಹೇಳುವುದು, ಗಾಜಿನ ಈಚೆ ಕೂತು ಚಿತ್ರ ತೆಗೆಯುವುದು, ಇಷ್ಟು ನನ್ನ ಕೆಲಸ. ಚಿತ್ರ ನೋಡಿ ಕಾಯಿಲೆ ಹೇಳುವವರು ಬೆಂಗಳೂರಿನಲ್ಲಿ ಕೂತಿರುವ ಡಾಕ್ಟರು. ನಾವು ಕಂಪ್ಯೂಟರಿನಲ್ಲಿ ಕಳಿಸುತ್ತೇವೆ, ಅವರು ರಿಪೋರ್ಟು ಬರೆದು ವಾಪಸು ಕಳಿಸುತ್ತಾರೆ. ಅವರಿಗೆ ರೋಗಿಯ ಮುಖ ಗೊತ್ತಿರುವುದಿಲ್ಲ. ಚಿತ್ರದ ಜೊತೆಗೆ ನಾವು ತುಂಬಿ ಕಳಿಸುವ ಒಂದು ಫಾರಂ ಇರುತ್ತದೆ. ಏನು ತೊಂದರೆ, ಎಷ್ಟು ದಿನದಿಂದ, ಬೇರೆ ಏನಾದರೂ ಲಕ್ಷಣ ಉಂಟೆ ಎಂದು ಅದರಲ್ಲಿ ನಾಲ್ಕು ಸಾಲು. ಎಲ್ಲೋ ದೂರದಲ್ಲಿ ಕೂತವರಿಗೆ ಆ ಮನುಷ್ಯನ ಬಗ್ಗೆ ತಿಳಿಯುವುದೆಲ್ಲ ಆ ನಾಲ್ಕು ಸಾಲಿನಿಂದ.

ಒಂದು ಸಲ ಆ ಫಾರಮಿನಲ್ಲಿ ನಾನು ಕಂಡದ್ದನ್ನು ಬರೆಯದೆ ಬಿಟ್ಟೆ. ಅದು ನನ್ನ ಭಾವನ ಫಾರಂ.

ಭಾವ ಎಂದರೆ ಅಕ್ಕನ ಗಂಡ. ನನಗೂ ಅಕ್ಕನಿಗೂ ಹದಿನಾಲ್ಕು ವರ್ಷ ಅಂತರ. ಅಪ್ಪ ತೀರಿಕೊಂಡಾಗ ನಾನು ನಾಲ್ಕನೇ ಕ್ಲಾಸು. ಅವ್ವ ಅದಕ್ಕೆ ಎರಡು ವರ್ಷ ಮೊದಲೇ ಹೋಗಿದ್ದಳು. ತಿಥಿಯ ಊಟ ಮುಗಿದ ಸಾಯಂಕಾಲ ಭಾವ ನನ್ನ ಬಟ್ಟೆಯ ಚೀಲವನ್ನು ಬೈಕಿನ ಮುಂದೆ ಇಟ್ಟುಕೊಂಡು, ನನ್ನನ್ನು ಹಿಂದೆ ಕೂರಿಸಿಕೊಂಡು, ದಂಡಿನಶಿವರದ ಹತ್ತಿರದ ತಮ್ಮ ಹಳ್ಳಿಗೆ ಕರೆದುಕೊಂಡು ಹೋದರು. ಯಾರೂ ಅವರನ್ನು ಕೇಳಿರಲಿಲ್ಲ, ಅವರೂ ಯಾರನ್ನೂ ಕೇಳಲಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. ನಾನೇ ಆ ಮನೆಯ ಮಗಳಾದೆ. ತುಮಕೂರಿನಲ್ಲಿ ಸ್ಕ್ಯಾನಿಂಗ್ ಕೋರ್ಸಿಗೆ ಸೇರುತ್ತೇನೆ ಎಂದಾಗ ಅಕ್ಕ ಹಿಂದೆ ಮುಂದೆ ನೋಡಿದಳು. ಭಾವ ಹೇಳಿದ್ದು ಇಷ್ಟೇ: "ಒಡೀದಂಗೆ ಒಳಗಡೆ ನೋಡಾದು ಅಂದ್ರೆ ಸುಮ್ನೆ ವಿದ್ಯೆ ಅಲ್ಲ ಕಣೇ. ಓದ್ಲಿ ಬುಡು."

ಅವರಿಗೂ ಅಂಥದೇ ಒಂದು ವಿದ್ಯೆ ಗೊತ್ತಿತ್ತು. ನಮ್ಮ ಕಡೆ ಕಾಯಿಯನ್ನು ಕಿತ್ತ ಕೂಡಲೇ ಮಾರುವುದು ಕಡಿಮೆ. ಮಟ್ಟೆ ಸಮೇತ ಅಟ್ಟದ ಮೇಲೆ ಹಾಕಿ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರು ತಾನೇ ಹೀರಿಹೋಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಆಮೇಲೆ ಮಟ್ಟೆ ಸುಲಿದು, ಮಚ್ಚಿನಲ್ಲಿ ಚಿಪ್ಪನ್ನಷ್ಟೇ ಬಡಿದು ಉದುರಿಸಿ, ಒಳಗಿನ ಕೊಬ್ಬರಿಯನ್ನು ಒಡೆಯದೆ ಇಡಿಯಾಗಿ ಹೊರಗೆ ತೆಗೆಯಬೇಕು. ಪೆಟ್ಟು ಒಂದು ಕೂದಲು ಹೆಚ್ಚಾದರೆ ಉಂಡೆ ಹೋಳಾಗುತ್ತದೆ. ಭಾವ ಕಾಯನ್ನು ಕಿವಿಯ ಹತ್ತಿರ ಒಮ್ಮೆ ಕುಲುಕಿ, "ಇದು ಆಗೈತೆ, ಇದಕ್ಕಿನ್ನ ಹದಿನೈದು ದಿನ ಬೇಕು" ಎಂದು ಬೇರೆ ಬೇರೆ ರಾಶಿ ಮಾಡುತ್ತಿದ್ದರು. ಅವರ ಕೈಯಲ್ಲಿ ಉಂಡೆ ಒಡೆಯುವುದು ಅಪರೂಪ. ತುರುವೇಕೆರೆಯಿಂದ ಚಿಕ್ಕನಾಯಕನಹಳ್ಳಿವರೆಗೆ ತೋಟದವರು ಅವರನ್ನೇ ಬೇಕೆಂದು ಹೇಳಿಕಳಿಸುತ್ತಿದ್ದರು. ನಮ್ಮದೇ ಅರವತ್ತು ಮರದ ಕಾಯನ್ನು ಮಾತ್ರ ಅವರು ಯಾರಿಗೂ ಮುಟ್ಟಿಸುತ್ತಿರಲಿಲ್ಲ. ಆ ವಾರ ಬೇರೆ ಎಲ್ಲಿಗೂ ಹೋಗದೆ ಮನೆಯ ಮುಂದಿನ ಹಟ್ಟಿಯಲ್ಲಿ ಕೂತು ಒಬ್ಬರೇ ತೆಗೆಯುತ್ತಿದ್ದರು.

ಮೊದಲು ಗೊತ್ತಾಗಿದ್ದು ಅಕ್ಕನಿಗೆ. ಒಂದು ಭಾನುವಾರ ನಾನು ಊರಿಗೆ ಹೋದಾಗ ಅವಳು ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು.

"ನಿಮ್ ಭಾವ ಅಂಗಿ ಗುಂಡಿ ಹಾಕ್ಕೊಳ್ಳಕ್ಕೆ ನನ್ನ ಕರೀತಾರೆ ಕಣೇ. ಕೊಬ್ಬರೀನೂ ಒಡೆದು ಹೋಯ್ತಾ ಐತಂತೆ. ಕೇಳಿದ್ರೆ ಮಚ್ಚು ಮೊಂಡಾಗೈತೆ ಅಂತಾರೆ."

ನಾನು ಹೊರಗೆ ಬಂದು ಭಾವನ ಬಲಗೈ ಹಿಡಿದು ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಉಬ್ಬಾಗಿರಬೇಕಾದ ಮಾಂಸ ಇಳಿದು, ಅಲ್ಲಿ ಗುಳಿ ಬಿದ್ದಿತ್ತು. ಮೂವತ್ತು ವರ್ಷ ಮಚ್ಚು ಹಿಡಿದು ಕಾಯಿಗಟ್ಟಿದ ಅಂಗೈ ಹಾಗೇ ಇದೆ, ಬೆರಳು ಮಾತ್ರ ಸೋತಿದೆ. ನನ್ನ ಕೈಯನ್ನು ಗಟ್ಟಿಯಾಗಿ ಅಮುಕಿ ಎಂದೆ. ಅವರು ಮುಖ ಕಿವುಚಿ ಅಮುಕಿದರು. ಒಂದು ಮಗು ಹಿಡಿದಂತಿತ್ತು.

ತುರುವೇಕೆರೆಯ ಡಾಕ್ಟರು ತಲೆ ಮತ್ತು ಕತ್ತಿನ ಎಂಆರ್‌ಐ ಆಗಲಿ ಎಂದು ಬರೆದುಕೊಟ್ಟರು. ಭಾವನಿಗೆ ಅದು ಭಯದ ವಿಷಯವಾಗಲೇ ಇಲ್ಲ. ನನ್ನ ಮಿಷನ್ನನ್ನು ನೋಡಬಹುದಲ್ಲ ಎಂಬ ಸಂತೋಷವೇ ಹೆಚ್ಚು. ಒಗೆದ ಬಿಳಿ ಪಂಚೆ ಉಟ್ಟು, ಅಕ್ಕನ ಜೊತೆ ಬೆಳಗ್ಗಿನ ಬಸ್ಸಿಗೆ ಬಂದರು. ರಿಸೆಪ್ಷನ್ನಿನಲ್ಲಿ ಕೂತಿದ್ದವರಿಗೆಲ್ಲ, "ನಮ್ಮ ಹುಡುಗೀದೇ ಇದು" ಎಂದರಂತೆ, ಸೆಂಟರಿಗೇ ನಾನು ಒಡತಿ ಎಂಬ ಹಾಗೆ.

ಒಳಗೆ ಲೋಹದ್ದೇನೂ ಇರಬಾರದು. ಬೆಳ್ಳಿ ಉಡುದಾರ ಬಿಚ್ಚಿದರು. ಕೊರಳಿನ ಲಿಂಗದ ಕರಡಿಗೆ ತೆಗೆಯುವಾಗ ಮಾತ್ರ ಸ್ವಲ್ಪ ತಡೆದರು. "ಟೇಬಲ್ ಮ್ಯಾಲೆ ಇಡಬ್ಯಾಡ. ನೀನೇ ಇಟ್ಕ," ಎಂದು ನನ್ನ ಅಂಗೈಗೆ ಕೊಟ್ಟರು. ಆಸ್ಪತ್ರೆಯ ಗೌನು ಹಾಕಿಕೊಳ್ಳಲು ಅಂಗಿ ಬಿಚ್ಚಿದಾಗ ನಾನು ಅದನ್ನು ಕಂಡೆ.

ಅವರ ಬಲ ತೋಳಿನ ಮೇಲೆ, ಚರ್ಮದ ಕೆಳಗೆ, ಹುಳು ಹರಿದ ಹಾಗೆ ಸಣ್ಣಗೆ ಅದುರುತ್ತಿತ್ತು. ಒಂದು ಕಡೆ ನಿಂತರೆ ಇನ್ನೊಂದು ಕಡೆ. ಎಡ ಭುಜದಲ್ಲೂ ಇತ್ತು. ಬೆನ್ನಿನಲ್ಲೂ ಇತ್ತು.

"ಇದೇನು ಭಾವ, ಹಿಂಗೆ ಅದುರ್ತೈತೆ?"

"ಅದಾ? ಮೂರ್ತಿಂಗಳಾಯ್ತು ಕಣವ್ವ. ಸುಮ್ಕಿದ್ರೂ ಕುಣೀತೈತೆ. ತೊಡೇಲೂ ಐತೆ. ನೋವಿಲ್ಲ, ಏನಿಲ್ಲ."

ತುಮಕೂರಿನಲ್ಲಿ ನಮಗೆ ಅಂಗರಚನೆ ಕಲಿಸಿದ ಮೇಷ್ಟ್ರು ಒಮ್ಮೆ ಒಂದು ವಿಡಿಯೋ ತೋರಿಸಿದ್ದರು. ಔಷಧಿಯಿಲ್ಲದ ನರದ ಕಾಯಿಲೆಯೊಂದು ಹಿಡಿದ, ಹೀಗೇ ಅದುರುವ ಒಂದು ಬೆನ್ನು. ಅವರು ಹೇಳಿದ ಮಾತು ನಾನು ಪರೀಕ್ಷೆಗೆ ಓದಿ ಮರೆತಿರಲಿಲ್ಲ: ಅದುರುವಿಕೆ ಒಂದೇ ಕೈಯಲ್ಲಿದ್ದರೆ ಕತ್ತನ್ನು ನೋಡಿ, ಮೈಯೆಲ್ಲ ಇದ್ದರೆ ಕತ್ತಿನ ಚಿತ್ರವನ್ನು ನಂಬಬೇಡಿ.

ನಾನು ಭಾವನನ್ನು ಮಲಗಿಸಿ, ತಲೆಗೆ ಪಂಜರದಂಥ ಕಾಯಿಲ್ ಹಾಕಿ, ಕೈಗೆ ರಬ್ಬರಿನ ಬಲ್ಬು ಕೊಟ್ಟೆ. ಹೆದರಿಕೆಯಾದರೆ ಅದನ್ನು ಅಮುಕಬೇಕು. ಬಲಗೈಗೆ ಕೊಟ್ಟು, ಮತ್ತೆ ನೆನಪಾಗಿ ಎಡಗೈಗೆ ಬದಲಿಸಿದೆ. ಅವರು ಮಲಗಿದ್ದ ಹಲಗೆ ಮಿಷನ್ನಿನೊಳಗೆ ಹೋಯಿತು. ಶಬ್ದ ಶುರುವಾಯಿತು. ನಲವತ್ತು ನಿಮಿಷ ಅವರು ಒಂದು ಸಲವೂ ಅಲುಗಾಡಲಿಲ್ಲ. ಅಷ್ಟು ಶುದ್ಧವಾದ ಚಿತ್ರ ನನಗೆ ಯಾವ ರೋಗಿಯಿಂದಲೂ ಸಿಕ್ಕಿದ್ದು ನೆನಪಿಲ್ಲ.

ಮೊದಲು ತಲೆ. ಮೆದುಳಿನ ಮಡಿಕೆಗಳು, ನಡುವಿನ ನೀರಿನ ಕೋಣೆಗಳು, ಹಿಂದೆ ಎಲೆಕೋಸಿನಂಥ ಕಿರುಮೆದುಳು, ಎಲ್ಲ ಇರಬೇಕಾದ ಹಾಗೇ ಇದ್ದವು. ಗೆಡ್ಡೆಯಿಲ್ಲ, ರಕ್ತಸ್ರಾವವಿಲ್ಲ. ಆಮೇಲೆ ಕತ್ತು. ಬೆನ್ನುಹುರಿ ಬೂದು ಬಣ್ಣದ ಪಟ್ಟಿಯ ಹಾಗೆ ಮೇಲಿನಿಂದ ಕೆಳಗಿಳಿಯುತ್ತದೆ, ಅದರ ಎರಡೂ ಕಡೆ ಬೆಳ್ಳಗೆ ನೀರು. ಐದನೇ ಮತ್ತು ಆರನೇ ಮೂಳೆಯ ನಡುವೆ ಡಿಸ್ಕು ಹಿಂದಕ್ಕೆ ಉಬ್ಬಿ, ಆ ಬಿಳಿ ಗೆರೆಯನ್ನು ಅಳಿಸಿ, ಹುರಿಯನ್ನು ಮುಟ್ಟಿತ್ತು.

ನನಗೆ ಖುಷಿಯಾಯಿತು. ಅದನ್ನು ಹೇಳಲು ಈಗಲೂ ನಾಚಿಕೆ. ಆದರೆ ಆಗಿದ್ದು ಅದೇ. ಉಬ್ಬಿದ ಡಿಸ್ಕು ಕಣ್ಣಿಗೆ ಕಾಣುವ ವಸ್ತು. ಅದನ್ನು ಕೊಯ್ದು ತೆಗೆಯಬಹುದು. ಭಾರ ಹೊತ್ತು ಕತ್ತು ಬಗ್ಗಿಸಿ ದುಡಿದ ಐವತ್ತು ವರ್ಷದ ಎಷ್ಟೋ ಜನರಲ್ಲಿ ಅದು ಇದ್ದೇ ಇರುತ್ತದೆ, ಅದರಿಂದ ಏನೂ ಆಗದೆಯೂ ಇರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ದಿನಕ್ಕೆ ನಾಲ್ಕಾರು ನೋಡುತ್ತೇನೆ.

ಫಾರಂ ತುಂಬಲು ಕೂತೆ. ಬಲಗೈ ದುರ್ಬಲ, ಆರು ತಿಂಗಳಿನಿಂದ ಎಂದು ಬರೆದೆ. ಕತ್ತು ನೋವು ಉಂಟಾ ಎಂದು ಭಾವನನ್ನು ಕೇಳಿದ್ದಕ್ಕೆ ಅವರು, "ಎಲ್ರಿಗೂ ಇರೋ ಹಂಗೆ" ಎಂದಿದ್ದರು. ಕತ್ತು ನೋವು ಇದೆ ಎಂದು ಬರೆದೆ. ಬೇರೆ ಲಕ್ಷಣ ಎಂಬ ಕೊನೆಯ ಸಾಲಿನಲ್ಲಿ ಪೆನ್ನು ಇಟ್ಟು ಸುಮಾರು ಹೊತ್ತು ಕೂತಿದ್ದೆ. ಗಾಜಿನ ಆಚೆ ಭಾವ ಗೌನು ಬಿಚ್ಚಿ, ಅಂಗಿಯ ಗುಂಡಿ ಹಾಕಿಕೊಳ್ಳಲು ಆಗದೆ, ಅಕ್ಕನಿಗೆ ಎದೆಯೊಡ್ಡಿ ನಿಂತಿದ್ದರು. ಆ ಸಾಲಿಗೆ ಒಂದು ಅಡ್ಡಗೆರೆ ಎಳೆದು ಕಳಿಸಿಬಿಟ್ಟೆ.

ಬರೆದಿದ್ದರೆ ಯಾರೋ ಅನುಮಾನಪಡುತ್ತಿದ್ದರು. ಅನುಮಾನ ನಿಜವಾಗುತ್ತಿತ್ತು. ನನಗೆ ಬೇಕಾಗಿದ್ದು ಡಿಸ್ಕು.

ರಿಪೋರ್ಟು ನಾನು ಅಂದುಕೊಂಡ ಹಾಗೇ ಬಂತು. ತುರುವೇಕೆರೆಯ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಅಲ್ಲಿಯ ಸರ್ಜನ್ನರು ಫಿಲಮನ್ನು ಬೆಳಕಿಗೆ ಹಿಡಿದು ನೋಡಿ, ಭಾವನ ಕೈ ಹಿಡಿದು ನೋಡಿ, "ಬೇರೆ ಏನಾದರೂ ತೊಂದರೆ ಇದೆಯಾ?" ಎಂದು ಕೇಳಿದರು. ಭಾವ ನನ್ನ ಮುಖ ನೋಡಿದರು. ಇಂಥ ಜಾಗದಲ್ಲಿ ಮಾತಾಡುವುದು ಓದಿದ ಹುಡುಗಿಯ ಕೆಲಸ ಎಂದು ಅವರ ಲೆಕ್ಕ.

"ಇಲ್ಲ ಸರ್," ಎಂದೆ.

ಫಾರಮಿನಲ್ಲಿ ಗೆರೆ ಎಳೆದದ್ದಕ್ಕಿಂತ ಈ ಎರಡು ಮಾತು ದೊಡ್ಡ ತಪ್ಪು. ಗೆರೆ ಎಳೆಯುವಾಗ ನಾನು ಒಬ್ಬಳೇ ಇದ್ದೆ. ಇಲ್ಲಿ ಅವರು ನನ್ನ ಪಕ್ಕದಲ್ಲೇ, ನನ್ನನ್ನು ನಂಬಿಕೊಂಡು ಕೂತಿದ್ದರು.

ಆಪರೇಷನ್ ಚೆನ್ನಾಗಿ ಆಯಿತು. ಸರ್ಜನ್ನರ ಕೆಲಸದಲ್ಲಿ ಕೊರತೆಯಿರಲಿಲ್ಲ. ಮೂರು ತಿಂಗಳು ಕತ್ತಿಗೆ ಗಟ್ಟಿ ಪಟ್ಟಿ ಹಾಕಿಕೊಂಡಿರಬೇಕು, ಬಗ್ಗಬಾರದು, ಮಚ್ಚು ಹಿಡಿಯಬಾರದು ಎಂದರು. ಆ ಮೂರು ತಿಂಗಳಲ್ಲೇ ನಮ್ಮ ಅಟ್ಟದ ಕಾಯಿ ಇಳಿಸುವ ಹೊತ್ತೂ ಬಂತು. ಮಾಯಸಂದ್ರದ ಕಡೆಯಿಂದ ಇಬ್ಬರು ಆಳು ಬಂದು ಹಟ್ಟಿಯಲ್ಲಿ ಕೂತು ಕೊಬ್ಬರಿ ತೆಗೆದರು. ಭಾವ ಜಗುಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಟ್ಟಿ ಕಟ್ಟಿದ ಕತ್ತಿನಿಂದ ಕೆಳಗೆ ನೋಡಲು ಆಗುವುದಿಲ್ಲ. ಅವರು ಎದುರಿನ ಗೋಡೆ ನೋಡಿಕೊಂಡು ಮಚ್ಚಿನ ಸದ್ದು ಕೇಳುತ್ತಿದ್ದರು.

"ಒಡೀತು," ಎನ್ನುವರು. ಸ್ವಲ್ಪ ಹೊತ್ತು ಬಿಟ್ಟು, "ಇದೂ ಒಡೀತು. ಲೇ, ಮೆತ್ತಗೆ ಬಡೀರ್ಲಾ, ಅದೇನು ಹಾವಾ?"

ಆಳುಗಳು ನಕ್ಕರು. ನಾನೂ ನಕ್ಕೆ. ಒಂದೆರಡು ಸಲ ಅವರ ಎಡಗೈ, ತೊಡೆಯ ಮೇಲಿದ್ದದ್ದು, ಸದ್ದಿಗೆ ಸರಿಯಾಗಿ ಮೆಲ್ಲಗೆ ಎದ್ದಿತು.

ಪಟ್ಟಿ ಬಿಚ್ಚಿದ ಮೇಲೆ ಬಲಗೈ ಸುಧಾರಿಸಲಿಲ್ಲ. ಎಡಗೈಯೂ ಸೋಲತೊಡಗಿತು. ಮಾತು ದಪ್ಪವಾಯಿತು, ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಮಾತಾಡಿದ ಹಾಗೆ. ಒಂದು ದಿನ ಕಾಫಿ ಕುಡಿಯುತ್ತಾ ಕೆಮ್ಮಿ ಕೆಮ್ಮಿ ಕಣ್ಣು ಮೇಲೆ ಮಾಡಿದರು. ಅಕ್ಕ ಫೋನಿನಲ್ಲಿ ಅಳುತ್ತಿದ್ದಳು. ಅವತ್ತು ನಾನು ರಜ ಹಾಕಿ, ಬೆಂಗಳೂರಿನ ಇನ್ನೊಂದು ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರ ಹತ್ತಿರ ಇಬ್ಬರನ್ನೂ ಕರೆದುಕೊಂಡು ಹೋದೆ. ಡಾಕ್ಟರು ವಯಸ್ಸಾದ ಹೆಂಗಸು. ಅವರು ಫಿಲಮನ್ನು ಕವರಿನಿಂದ ತೆಗೆಯಲೇ ಇಲ್ಲ.

"ನಾಲಗೆ ತೋರಿಸಿ," ಎಂದರು.

ಭಾವನ ನಾಲಗೆ ಅಂಚಿನಲ್ಲಿ ಸುಕ್ಕಾಗಿ, ಬಾಯೊಳಗೇ ಸಣ್ಣಗೆ ನಡುಗುತ್ತಿತ್ತು. ಡಾಕ್ಟರು ಅಂಗಿ ಬಿಚ್ಚಿಸಿ ಬೆನ್ನನ್ನು ಸುಮ್ಮನೆ ನೋಡುತ್ತಾ ನಿಂತರು.

"ಹೀಗೆ ಅದುರೋದು ಯಾವಾಗಿಂದ?"

"ಆಪ್ರೇಷನ್‌ಗಿಂತ ಮೊದ್ಲಿಂದ್ಲೂ ಐತೆ ತಾಯಿ," ಎಂದರು ಭಾವ.

ಡಾಕ್ಟರು ಅದನ್ನು ಬರೆದುಕೊಂಡರು. ಪಕ್ಕದ ಕೋಣೆಯಲ್ಲಿ ಸಣ್ಣ ಸೂಜಿಯನ್ನು ತೋಳಿಗೆ, ತೊಡೆಗೆ, ಬೆನ್ನಿಗೆ ಚುಚ್ಚಿ ಸ್ನಾಯುವಿನೊಳಗಿನ ವಿದ್ಯುತ್ತನ್ನು ಸ್ಪೀಕರಿನಲ್ಲಿ ಕೇಳುವ ಪರೀಕ್ಷೆ ಮಾಡಿದರು. ಸುಮ್ಮನಿರುವ ಸ್ನಾಯು ಸದ್ದು ಮಾಡಬಾರದು. ಭಾವನ ಮೈ ಎಲ್ಲಿ ಚುಚ್ಚಿದರೂ ತಗಡಿನ ಶೀಟಿನ ಮೇಲೆ ಹನಿ ಬಿದ್ದ ಹಾಗೆ ಟಪಟಪ ಎನ್ನುತ್ತಿತ್ತು. ಭಾವ ತಲೆ ಓರೆ ಮಾಡಿ ಗಮನವಿಟ್ಟು ಕೇಳಿದರು.

ಆಮೇಲೆ ಡಾಕ್ಟರು ಒಂದು ಹಾಳೆಯಲ್ಲಿ ಬೆನ್ನುಹುರಿಯನ್ನು ಅಡ್ಡಕ್ಕೆ ಕೊಯ್ದ ಹಾಗೆ ಒಂದು ಸುತ್ತು ಬರೆದರು. ಅದರ ನಡುವೆ ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರ. ಚಿಟ್ಟೆಯ ಮುಂದಿನ ರೆಕ್ಕೆಯ ಜಾಗದಲ್ಲಿ ಪೆನ್ನಿನಿಂದ ಚುಕ್ಕಿ ಇಟ್ಟರು. ಕೈಕಾಲು ಆಡಿಸುವ ನರಕೋಶಗಳು ಇರುವುದು ಇಲ್ಲಿ. ಅವು ಒಂದೊಂದಾಗಿ ಸಾಯುತ್ತಿವೆ. ಸಾಯುವಾಗ ಬಿಡುವ ಕಿಡಿಯೇ ಈ ಅದುರು. ಯಾಕೆ ಸಾಯುತ್ತವೆ ಎಂದು ಯಾರಿಗೂ ಪೂರ್ತಿ ಗೊತ್ತಿಲ್ಲ. ನಿಲ್ಲಿಸುವ ಔಷಧಿ ಇಲ್ಲ. ಕೈ, ಕಾಲು, ನಾಲಗೆ, ಕೊನೆಗೆ ಉಸಿರು. ಬುದ್ಧಿ ಹಾಗೇ ಇರುತ್ತದೆ; ಕಣ್ಣು, ಕಿವಿಯೂ ಹಾಗೇ ಇರುತ್ತವೆ.

ಅಕ್ಕ ನನ್ನ ಕಡೆ ತಿರುಗಿದಳು. "ನಿನ್ ಮಿಷಿನ್ನಾಗೆ ಇದು ಕಾಣ್ಲಿಲ್ವೇನೆ?"

ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರು ಹೇಳಿದರು. "ಚಿತ್ರದಲ್ಲಿ ಇದು ಸಿಗೋದಿಲ್ಲಮ್ಮ. ಮೈ ನೋಡಬೇಕು."

ವಾಪಸು ಬರುವಾಗ ಕಾರು ಗುಬ್ಬಿ ದಾಟಿತು. ಆಮೇಲೆ ಭಾವ ಕೇಳಿದರು. "ಹಂಗಾರೆ ಆಪ್ರೇಷನ್ ಬ್ಯಾಡಾಗಿತ್ತು, ಅಲ್ವೇನವ್ವ?"

"ಬೇಡಾಗಿತ್ತು ಭಾವ."

"ಆಗ್ಲಿ ಬುಡು." ತೊಡೆಯ ಮೇಲಿದ್ದ ಎಡಗೈಯನ್ನು ನೋಡಿಕೊಂಡರು. "ಆ ಮೂರು ತಿಂಗ್ಳು ಎಡಗೈ ಇನ್ನ ನಂದಾಗಿತ್ತು ಕಣವ್ವ. ಬಲಗೈಲಿ ಸುಮ್ಕೆ ಒತ್ತಿ ಹಿಡ್ಕಂಡು ಎಡಗೈಲಿ ಬಡೀಬೋದಿತ್ತು. ನಮ್ ಕಾಯಾದ್ರೂ ತೆಗೀತಿದ್ದೆ."

ಆಗಲೇ ಹೇಳಬೇಕಿತ್ತು. ಮುಂದಿನ ಸೀಟಿನಲ್ಲಿ ಕೂತಿದ್ದ ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಅಲ್ಲಿಂದ ಮುಂದೆ ಒಂದೂವರೆ ವರ್ಷ. ನಾನು ವಾರಕ್ಕೆ ಎರಡು ದಿನ ಊರಿಗೆ ಹೋಗುತ್ತಿದ್ದೆ. ಅಕ್ಕ ದಿನಾ ಬೆಳಗ್ಗೆ ಮನೆಯದೇ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಮೈಗೆ ತಿಕ್ಕುತ್ತಿದ್ದಳು. ಅದರಿಂದ ಏನೂ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ತಿಕ್ಕುವಾಗ ಕೈಗೆ ಸಿಗುವ ಮಾಂಸ ವಾರದಿಂದ ವಾರಕ್ಕೆ ಕಡಿಮೆಯಾಗುವುದೂ ಅವಳಿಗೇ ಮೊದಲು ಗೊತ್ತಾಗುತ್ತಿತ್ತು. ನೀರು, ಮಜ್ಜಿಗೆ, ಕಾಫಿ, ತೆಳ್ಳಗಿರುವುದೆಲ್ಲ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅಕ್ಕ ಕಾಫಿಗೂ ರಾಗಿ ಹುರಿಹಿಟ್ಟು ಕಲಸಿ ಗಟ್ಟಿ ಮಾಡಿ ಚಮಚದಲ್ಲಿ ಕೊಡುತ್ತಿದ್ದಳು. ಅನ್ನಕ್ಕಿಂತ ಮುದ್ದೆ ಹೆಚ್ಚು ದಿನ ಇಳಿಯಿತು. ಮೆತ್ತಗೆ ತಿರುವಿದ ಮುದ್ದೆಯನ್ನು ಗೋಲಿಯಷ್ಟು ಮಾಡಿ, ಸಾರಿನಲ್ಲಿ ಅದ್ದಿ, ನಾಲಗೆಯ ಹಿಂದಕ್ಕೆ ಇಟ್ಟು, ಗಂಟಲು ಏರಿ ಇಳಿಯುವವರೆಗೂ ಅಲ್ಲೇ ನೋಡುತ್ತಿದ್ದಳು. ಇಳಿದ ಮೇಲೆ ಇನ್ನೊಂದು. ಒಂದು ಊಟಕ್ಕೆ ಒಂದೂವರೆ ಗಂಟೆ.

ಊರಿನವರು ಬಂದು ಜಗುಲಿಯ ಮೇಲೆ ಕೂರುವರು. ಒಬ್ಬರು ನಾಟಿ ಔಷಧಿ, ಇನ್ನೊಬ್ಬರು ಹರಕೆ. ಭಾವನಿಗೆ ಕಿವಿ ಕೇಳುವುದಿಲ್ಲವೇನೋ ಎಂಬಂತೆ ಅವರ ಎದುರಿಗೇ, "ಪಾಪ, ಹೆಂಗಿದ್ದೋರು ಹೆಂಗಾದ್ರು ನೋಡ್ರಿ" ಎನ್ನುವರು. ಮಾತು ಪೂರ್ತಿ ನಿಂತ ಮೇಲೆ ಇದು ಹೆಚ್ಚಾಯಿತು. ಅಕ್ಕ ಒಂದು ದಿನ ಸಿಟ್ಟಾಗಿ, "ನಿಮಗಿಂತ ಚೆನ್ನಾಗಿ ಕೇಳುಸ್ತೈತೆ ಅವರಿಗೆ. ಎದ್ದೋಗ್ರಿ" ಎಂದು ಬೈದು ಕಳಿಸಿದಳು.

ಆ ಕಾಲಕ್ಕೆ ಇನ್ನೊಂದು ಶುರುವಾಯಿತು. ಹಟ್ಟಿಯಲ್ಲಿ ಕಟ್ಟಿದ್ದ ಹಸುವಿನ ಕರು ಸತ್ತಿತು. ಅಕ್ಕ ಅಳುತ್ತಾ ಬಂದು ಹೇಳಿದಾಗ ಭಾವ ನಕ್ಕರು. ದೊಡ್ಡದಾಗಿ, ಹೊಟ್ಟೆ ಕುಲುಕಿ, ನಿಲ್ಲಿಸಲಾಗದೆ ನಕ್ಕರು. ಅಕ್ಕ ದಂಗಾಗಿ ನಿಂತಳು. ನಾನು ಡಾಕ್ಟರಿಗೆ ಫೋನು ಮಾಡಿದೆ. ನಗು ಅಳುವನ್ನು ಹಿಡಿದು ನಡೆಸುವ ದಾರಿಗಳೂ ಮೆದುಳಿನಲ್ಲಿ ಸವೆಯುತ್ತವೆ, ಮನಸ್ಸಿನಲ್ಲಿ ಒಂದಿದ್ದರೆ ಮುಖದಲ್ಲಿ ಇನ್ನೊಂದು ಬರಬಹುದು ಎಂದರು ಅವರು. "ಅದು ಅವರ ನಗು ಅಲ್ಲ, ಕಾಯಿಲೆಯ ನಗು. ನಿಮ್ಮಕ್ಕನಿಗೆ ತಿಳಿಸಿ ಹೇಳಿ." ಹೇಳಿದೆ. ಅಕ್ಕ ಕೇಳಿಸಿಕೊಂಡಳು. ಆದರೆ ಆಮೇಲೆ ಅವರು ನಿಜವಾಗಿ ನಕ್ಕಾಗಲೂ ಅವಳು ಒಂದು ಕ್ಷಣ ಅನುಮಾನದಿಂದ ನೋಡುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಅಕ್ಕ ತೋಟಕ್ಕೆ ನೀರು ತಿರುಗಿಸಲು ಹೋಗಿದ್ದಳು. ನಾನು ಭಾವನ ಪಕ್ಕದಲ್ಲಿ ಕೂತು ಅವರ ಉಗುರು ಕತ್ತರಿಸುತ್ತಿದ್ದೆ. ಕೈ ಎತ್ತಿದರೆ ಎತ್ತಿದ ಹಾಗೆ, ಬಿಟ್ಟರೆ ಬಿಟ್ಟ ಹಾಗೆ. ಇನ್ನು ತಡೆಯಲಾಗಲಿಲ್ಲ. ತಲೆ ಬಗ್ಗಿಸಿಕೊಂಡೇ ಹೇಳಿದೆ.

"ಭಾವ, ಸ್ಕ್ಯಾನ್ ಮಾಡೋ ದಿನ ನಿಮ್ಮ ತೋಳು ಅದುರೋದು ನಾನು ನೋಡಿದ್ದೆ. ಅದೇನು ಅಂತ ನನಗೆ ಗೊತ್ತಿತ್ತು. ಫಾರಮಿನಲ್ಲಿ ಬರೀಲಿಲ್ಲ. ಸರ್ಜನ್ ಕೇಳ್ದಾಗ್ಲೂ ಇಲ್ಲ ಅಂದೆ. ನಿಮ್ಮ ಮೂರು ತಿಂಗಳು ನಾನೇ ಹಾಳು ಮಾಡಿದೆ."

ಅವರು ನನ್ನನ್ನೇ ನೋಡಿದರು. ಆ ಕಣ್ಣು ನಾಲ್ಕನೇ ಕ್ಲಾಸಿನ ಹುಡುಗಿಯನ್ನು ಬೈಕಿನ ಕನ್ನಡಿಯಲ್ಲಿ ನೋಡಿದ ಕಣ್ಣೇ, ಸ್ವಲ್ಪವೂ ಬದಲಾಗಿರಲಿಲ್ಲ. ಆಮೇಲೆ ನಕ್ಕರು. ನಗು ಏರಿತು, ಮೈಯೆಲ್ಲ ಕುಲುಕಿತು, ಉಸಿರು ಸಿಕ್ಕಿಕೊಂಡು ನಿಂತು ಮತ್ತೆ ಬಂತು. ಹಾಗೇ ಅದು ಅಳುವಾಯಿತು. ಕಣ್ಣೀರು ಕಿವಿಯವರೆಗೆ ಹರಿಯಿತು. ನಾನು ಒರೆಸುತ್ತಾ, "ಭಾವ, ನೀವೇ ನಗ್ತಿದ್ದೀರಾ? ನೀವೇ ಆದರೆ ಒಂದು ಸಲ ಕಣ್ಣು ಮುಚ್ಚಿ" ಎಂದೆ. ಹೌದು ಎನ್ನಲು ಒಂದು ಸಲ, ಇಲ್ಲ ಎನ್ನಲು ಎರಡು ಸಲ ಕಣ್ಣು ಮುಚ್ಚುವುದು ಆ ಮನೆಯ ಹೊಸ ಭಾಷೆಯಾಗಿತ್ತು. ಆದರೆ ಅಳುವಾಗ ರೆಪ್ಪೆ ಎಷ್ಟು ಸಲ ಬಡಿಯಿತೆಂದು ಎಣಿಸುವುದು ಹೇಗೆ? ಅವರು ಸುಸ್ತಾಗಿ ನಿದ್ದೆ ಹೋದರು. ಮತ್ತೆ ಕೇಳುವ ಧೈರ್ಯ ನನಗೆ ಬರಲಿಲ್ಲ. ಅವರು ನನ್ನನ್ನು ಕ್ಷಮಿಸಿದರೋ, ಬೈದರೋ, ಅದು ಬರೀ ಕಾಯಿಲೆಯೋ, ನನಗೆ ಗೊತ್ತಿಲ್ಲ.

ತಿರುಗಿ ನೋಡಿದರೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕಾಲೆಲ್ಲ ಕೆಸರು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕಾಲು ತೊಳೆದು ಒಳಗೆ ಹೋದಳು.

ಎರಡು ವಾರ ಅವಳು ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು. ಮೂರನೇ ವಾರ ನಾನು ಬಸ್ಸಿಗೆ ಹೊರಟಾಗ ಹಟ್ಟಿಯ ಹತ್ತಿರ ತಡೆದಳು.

"ಆವತ್ತೇ ಗೊತ್ತಾಗಿದ್ರೆ ಆಪ್ರೇಷನ್ ಮಾಡುಸ್ತಿರ್ಲಿಲ್ಲ ಅಲ್ವಾ?"

"ಇಲ್ಲ ಅಕ್ಕ."

"ಅವರು ಕೊಬ್ಬರಿ ತೆಗೀತಿದ್ರು. ನಾನು ಆ ಮೂರ್ತಿಂಗಳೂ ಅಳ್ತಾ ಕೂತಿರ್ತಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಕತ್ತಿನ ಪಟ್ಟಿ ಬಿಚ್ಚಿದ್ರೆ ಸರಿಹೋಯ್ತದೆ ಅಂತ ನಾನು ಎಷ್ಟು ಚೆನ್ನಾಗಿದ್ದೆ ಗೊತ್ತಾ ಆವಾಗ? ಹಾಡ್ಕಂಡು ರೊಟ್ಟಿ ತಟ್ತಿದ್ದೆ. ನೀನು ಅವರಿಗೆ ಸಿಗಬೇಕಾದ್ದ ಕಿತ್ತು ನನಗೆ ಕೊಟ್ಟೆ ಕಣೇ. ನಾನು ಕೇಳಿರ್ಲಿಲ್ಲ."

ಬಸ್ಸು ಬಂತು. "ಹೋಗು, ಡ್ಯೂಟಿಗೆ ಹೊತ್ತಾಯ್ತದೆ" ಎಂದಳು. ಅದು ಕೋಪವೂ ಅಲ್ಲ, ಸಮಾಧಾನವೂ ಅಲ್ಲ. ಅವಳಿಗೆ ಹಾಗನ್ನಿಸಿತ್ತು, ಹೇಳಿದಳು. ಮುಂದಿನ ವಾರ ನಾನು ಹೋದಾಗ ಎಂದಿನಂತೆ ತಟ್ಟೆ ಹಾಕಿದಳು.

ಹೊಟ್ಟೆಗೆ ಟ್ಯೂಬು ಹಾಕಿ ಆಹಾರ ಕೊಡಬಹುದು ಎಂದು ಡಾಕ್ಟರು ಹೇಳಿದಾಗ ಭಾವ ಎರಡು ಸಲ ಕಣ್ಣು ಮುಚ್ಚಿದರು. ಮತ್ತೆ ಕೇಳಿದೆವು, ಮತ್ತೆ ಎರಡು ಸಲ. ಮೂರನೇ ಸಲ ಕೇಳಲು ಹೋದಾಗ ಅಕ್ಕ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಅವರ ಮಾತು ಅವರು ಹೇಳಿದ್ರು. ಬುಡು."

ಆಮೇಲೆ ಎರಡು ತಿಂಗಳು. ಕೊನೆಗೆ ಕತ್ತು ತಲೆಯನ್ನು ಹೊರಲಾರದಾಯಿತು. ಕೂರಿಸಿದರೆ ಗದ್ದ ಎದೆಗೆ ಬೀಳುತ್ತಿತ್ತು. ಅಕ್ಕ ಹಿಂದೆ ನಿಂತು ಎರಡು ಕೈಯಲ್ಲಿ ತಲೆ ಹಿಡಿದು ಎತ್ತಿ, ಎದುರಿನ ತೋಟವನ್ನು ತೋರಿಸುತ್ತಿದ್ದಳು. ಒಂದು ಬೆಳಗ್ಗೆ ಎಣ್ಣೆ ತಿಕ್ಕಲು ಅಂಗಿ ಬಿಚ್ಚಿದಾಗ ತೋಳಿನಲ್ಲಿ ಅದುರು ಕಾಣಲಿಲ್ಲವಂತೆ. ಎರಡು ವರ್ಷದಲ್ಲಿ ಮೊದಲ ಸಲ ಅವರ ಮೈ ಸುಮ್ಮನಿರುವುದನ್ನು ಕಂಡು ಅಕ್ಕನಿಗೆ ಅರೆಕ್ಷಣ ಒಳ್ಳೆಯದೇ ಅನ್ನಿಸಿತಂತೆ. ಆಮೇಲೆ ಎದೆಯ ಮೇಲೆ ಕೈ ಇಟ್ಟು ನೋಡಿದಳಂತೆ.

ನಾನು ಹೋಗುವಷ್ಟರಲ್ಲಿ ಜಗುಲಿಯ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಬಳಿದು, ತಲೆಯನ್ನು ಬಿಳಿ ಬಟ್ಟೆಯಿಂದ ಗೂಟಕ್ಕೆ ಕಟ್ಟಿದ್ದರು. ನಮ್ಮಲ್ಲಿ ಕೂರಿಸಿಯೇ ಮಣ್ಣು ಮಾಡುವುದು. ತೋಟದ ಬದುವಿನಲ್ಲಿ ಗುಂಡಿ ತೋಡಿದ್ದರು. ಅವರನ್ನು ಎತ್ತಲು ಬಂದ ನಾಲ್ವರಲ್ಲಿ ಇಬ್ಬರು ಸುಮ್ಮನೆ ಪಕ್ಕಕ್ಕೆ ಸರಿದರು. ನಾಲ್ಕು ಜನ ಬೇಕಾಗಿರಲಿಲ್ಲ.

ಗುಂಡಿಯೊಳಗೆ ಪದ್ಮಾಸನ ಹಾಕಿಸಿ ಕೂರಿಸುವಾಗ ಕಟ್ಟಿದ್ದ ಬಟ್ಟೆ ಸಡಿಲವಾಗಿ ತಲೆ ಮುಂದಕ್ಕೆ ಬಿತ್ತು. ಒಳಗಿದ್ದವರು ಎತ್ತಿ ನಿಲ್ಲಿಸಿದರು. ಮತ್ತೆ ಬಿತ್ತು. ಮೇಲಿದ್ದ ಹಿರಿಯರೊಬ್ಬರು, "ಹಂಗೇ ಬುಡ್ರಪ್ಪ, ಮಣ್ಣು ಬಿದ್ರೆ ನಿಲ್ತದೆ" ಎಂದರು.

"ಬ್ಯಾಡ," ಎಂದಳು ಅಕ್ಕ.

ಹೆಂಗಸರು ಗುಂಡಿಗೆ ಇಳಿಯುವುದಿಲ್ಲ. ಯಾರೋ ಅವಳ ತೋಳು ಹಿಡಿಯಲು ಬಂದರು, ಅವಳು ಕೊಸರಿಕೊಂಡು ಸೀರೆ ಎತ್ತಿ ಕಟ್ಟಿ ಇಳಿದೇಬಿಟ್ಟಳು. ಅವರ ಹಿಂದೆ ನಿಂತು, ಎರಡೂ ಕೈಯಲ್ಲಿ ಕಿವಿಯ ಕೆಳಗೆ ಹಿಡಿದು, ತಲೆಯನ್ನು ಎತ್ತಿ ನೆಟ್ಟಗೆ ಮಾಡಿದಳು. "ಈಗ ಹಾಕ್ರಿ" ಎಂದಳು. ಅವರು ಬಿಲ್ವಪತ್ರೆ ಹಾಕಿದರು, ವಿಭೂತಿ ಹಾಕಿದರು, ಮಣ್ಣು ಹಾಕಿದರು. ಮಣ್ಣು ಸೊಂಟಕ್ಕೆ ಬಂತು, ಎದೆಗೆ ಬಂತು, ಭುಜಕ್ಕೆ ಬಂದು ಕತ್ತನ್ನು ಒತ್ತಿ ಹಿಡಿಯಿತು. ಅಲ್ಲಿಯವರೆಗೂ ಅವಳು ಕೈ ಬಿಡಲಿಲ್ಲ. ಆಮೇಲೆ ಬಿಟ್ಟಳು. ತಲೆ ನಿಂತಿತು.

ನಾನು ಕೈ ಕೊಟ್ಟು ಅವಳನ್ನು ಮೇಲಕ್ಕೆ ಎಳೆದುಕೊಂಡೆ. ಅವಳು ತೂಗಾಡಿದಳು, ಬೀಳಲಿಲ್ಲ. ಪಂಪ್‌ಸೆಟ್ಟಿನ ಹತ್ತಿರ ಕರೆದುಕೊಂಡು ಹೋಗಿ, ತೊಟ್ಟಿಯ ಮೇಲೆ ಕೂರಿಸಿ, ಅವಳ ಕೈಯ ಮಣ್ಣನ್ನೂ ಬೂದಿಯನ್ನೂ ನಾನೇ ತೊಳೆದೆ. ಅವಳು ತೊಳೆಸಿಕೊಂಡಳು.